ತವರಿನಲ್ಲೇ ಉಳಿದ ಹೆಣ್ಣುಮಕ್ಕಳು

ಪ್ರೀತಿಯ ಗೆಳತಿ,

ರಾಹುಲ ಸಾಂಕೃತ್ಯಾಯನರ ‘ವೋಲ್ಗಾ ಗಂಗಾ’ ಓದಿ ಮುಗಿಸಿದ ಮೇಲೂ ಅದರ ಮೊದಲ ಕಥೆ ತಲೆಯಿಂದ ಹೋಗುತ್ತಿಲ್ಲ ಎಂದು ನಿಮ್ಮ ಪತ್ರದಲ್ಲಿ ಬರೆದಿದ್ದೀರಿ. ಕ್ರಿ.ಪೂ. 6000ದ ಹಿಮದ ಕಾಡಿನಲ್ಲಿ ನಡೆಯುವ ‘ನಿಶಾ’ ಕಥೆಯಲ್ಲಿ ಹೆಣ್ಣೇ ಗುಂಪಿನ ಒಡತಿ. ಇಂಥ ಕಾಲವೊಂದು ನಿಜವಾಗಿ ಇತ್ತೇ, ಇಲ್ಲಾ ಅದು ಲೇಖಕರ ಆಸೆಯೇ ಎಂದು ಕೇಳಿದ್ದೀರಿ.

ಮೊದಲು ನನಗೆ ತಿಳಿದ ಉತ್ತರ ಹೇಳಿಬಿಡುತ್ತೇನೆ. ಇಡೀ ಭೂಮಿಯಲ್ಲಿ ಹೆಣ್ಣಾಳ್ವಿಕೆಯ ಒಂದು ಯುಗವಿತ್ತು ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಹೆಣ್ಣು ಆದಿಯಿಂದಲೂ ಗಂಡಿನ ಕೈಕೆಳಗೇ ಇದ್ದಳು ಎನ್ನುವುದಕ್ಕೂ ಆಧಾರವಿಲ್ಲ. ಎರಡನೆಯದನ್ನು ನಾವು ಯಾವ ಸಾಕ್ಷಿಯನ್ನೂ ಕೇಳದೆ ನಂಬಿಕೊಂಡು ಬಂದಿದ್ದೇವೆ. ನನಗೆ ಸಂಕಟವಾಗುವುದು ಅದಕ್ಕೇ, ಈ ಪತ್ರ ಉದ್ದವಾಗುವುದೂ ಅದಕ್ಕೇ.

ಸಾಂಕೃತ್ಯಾಯನರ ಚಿತ್ರಕ್ಕೆ ಹಿಂದೆ ಒಂದು ಪರಂಪರೆಯಿದೆ. 1861ರಲ್ಲಿ ಸ್ವಿಟ್ಜರ್ಲೆಂಡಿನ ಬಾಖೋಫೆನ್ ಎಂಬ ನ್ಯಾಯಶಾಸ್ತ್ರಜ್ಞ, ಗ್ರೀಕರ ಪುರಾಣಗಳನ್ನು ಓದಿ, ಒಂದಾನೊಂದು ಕಾಲಕ್ಕೆ ತಾಯಿಯ ಹಕ್ಕೇ ಕಾನೂನಾಗಿತ್ತು ಎಂದು ವಾದಿಸಿದ. 1877ರಲ್ಲಿ ಅಮೆರಿಕದ ಮಾರ್ಗನ್ ಅಲ್ಲಿನ ಇರೊಕ್ವಾ ಜನರ ನಡುವೆ ಕಂಡದ್ದನ್ನು ಸೇರಿಸಿ ‘ಪ್ರಾಚೀನ ಸಮಾಜ’ದ ಬಗ್ಗೆ ದೊಡ್ಡ ಪುಸ್ತಕ ಬರೆದ. 1884ರಲ್ಲಿ ಎಂಗೆಲ್ಸ್ ಅದನ್ನೇ ಕುಟುಂಬ, ಖಾಸಗಿ ಆಸ್ತಿ, ಪ್ರಭುತ್ವಗಳ ಕಥೆಯಾಗಿ ಬೆಳೆಸಿದ. ಇವರಲ್ಲಿ ಬಾಖೋಫೆನ್‌ನ ಪುರಾಣದ ಸಾಕ್ಷಿ ಇವತ್ತು ನಿಲ್ಲುವುದಿಲ್ಲ. ಮಾರ್ಗನ್ ಕಂಡ ಇರೊಕ್ವಾ ಮನೆಗಳು ಮಾತ್ರ ನಿಜ. ಮದುವೆಯಾದ ಗಂಡು ಹೆಂಡತಿಯ ಮನೆಗೆ ಬಂದಿರುತ್ತಿದ್ದ. ಮೆಕ್ಕೆಜೋಳದ ಹೊಲ, ಕಣಜ ಎರಡೂ ಹೆಂಗಸರ ವಶದಲ್ಲಿದ್ದವು. ಮುಖಂಡನನ್ನು ಆರಿಸುವ ಹಕ್ಕು, ಸರಿಯಿಲ್ಲದಿದ್ದರೆ ಇಳಿಸುವ ಹಕ್ಕು ಕುಲದ ಹಿರಿಯ ತಾಯಂದಿರದು. ಬೇಡವೆನಿಸಿದ ಯುದ್ಧಕ್ಕೆ ಹೊರಟವರಿಗೆ ಬುತ್ತಿ ಕಟ್ಟದೆ ತಡೆಯಬಲ್ಲವರೂ ಅವರೇ. ಆದರೆ ಸಭೆಯಲ್ಲಿ ಕೂತು ಮಾತಾಡುವ ಮುಖಂಡರು ಗಂಡಸರು. ಹಾಗಾದರೆ ಅಧಿಕಾರ ಯಾರದು? ಪಟ್ಟದಲ್ಲಿ ಕೂತವರು ಯಾರು ಎಂದಷ್ಟೇ ನೋಡಿದರೆ ಇರೊಕ್ವಾ ಹೆಂಗಸರು ಕಾಣುವುದೇ ಇಲ್ಲ. ಕಣಜ ಯಾರ ವಶದಲ್ಲಿತ್ತು, ಮದುವೆಯಾದ ಮೇಲೆ ಯಾರು ಯಾರ ಮನೆಗೆ ಹೋದರು ಎಂದು ನೋಡಿದರೆ ಎದ್ದು ಕಾಣುತ್ತಾರೆ. ಮುಂದೆ ನಾನು ಬರೆಯುವುದೆಲ್ಲ ಈ ಎರಡು ಪ್ರಶ್ನೆಗಳನ್ನು ಹಿಡಿದುಕೊಂಡೇ.

ಆದಿಮಾನವ ಎಂದೊಡನೆ ಕಣ್ಣ ಮುಂದೆ ಬರುವುದು ಶಾಲೆಯ ಪಠ್ಯದ ಚಿತ್ರ: ಗಂಡಸು ಈಟಿ ಹಿಡಿದು ಮುಂದೆ, ಹೆಂಗಸು ಗುಹೆಯ ಬಾಯಲ್ಲಿ ಮಗುವಿನೊಂದಿಗೆ. ಈ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ, ಸಮಾಧಿಯಲ್ಲಿ ಈಟಿಮೊನೆ ಸಿಕ್ಕರೆ ಅದು ಗಂಡು, ಮಣಿಸರ ಸಿಕ್ಕರೆ ಹೆಣ್ಣು ಎಂದು ಬರೆದುಕೊಳ್ಳುತ್ತಿದ್ದ ಪುರಾತತ್ತ್ವಜ್ಞರು ಬಹಳ ಮಂದಿ. ಹಾಗೆ ಬರೆದುಕೊಂಡದ್ದನ್ನೇ ಮುಂದೆ ಲೆಕ್ಕ ಹಾಕಿದರೆ ಬೇಟೆಗಾರರೆಲ್ಲ ಗಂಡಸರೇ ಆಗುತ್ತಾರೆ, ಬೇರೆ ದಾರಿಯೇ ಇಲ್ಲ.

2018ರಲ್ಲಿ ಪೆರು ದೇಶದ ಆಂಡಿಸ್ ಬೆಟ್ಟಗಳಲ್ಲಿ, ಸಮುದ್ರಮಟ್ಟದಿಂದ ಸುಮಾರು 3,900 ಮೀಟರ್ ಎತ್ತರದ ವಿಲಮಾಯ ಪಾತ್‌ಶಾ ಎಂಬಲ್ಲಿ ರ್‍ಯಾಂಡಲ್ ಹಾಸ್ ಅವರ ತಂಡ ಒಂದು ಸಮಾಧಿ ತೆಗೆಯಿತು. ಸುಮಾರು 9,000 ವರ್ಷ ಹಳೆಯದು. ತೊಡೆಮೂಳೆಯ ಬಳಿ ಕಲ್ಲಿನ ಉಪಕರಣಗಳ ಒಂದು ಗುಡ್ಡೆ ಇತ್ತು. ಚರ್ಮದ ಚೀಲದಲ್ಲಿ ತುಂಬಿ ಪಕ್ಕದಲ್ಲಿಟ್ಟು, ಚೀಲ ಮಾತ್ರ ಮಣ್ಣಾಗಿ ಹೋದಂತೆ ಅವು ಒತ್ತೊತ್ತಾಗಿ ಬಿದ್ದಿದ್ದವು. ಎಸೆಯುವ ಈಟಿಗೆ ಕಟ್ಟುವ ಮೊನೆಗಳು, ಮಾಂಸ ಕೊಯ್ಯಲು ಚೂಪಾದ ಚಕ್ಕೆಗಳು, ತೊಗಲು ಕೆರೆಯುವ ಕಲ್ಲುಗಳು, ತೊಗಲು ಹದಮಾಡಲು ಬೇಕಾಗುವ ಕೆಂಪು ಕಾವಿಯ ಗಟ್ಟಿಗಳು. ಪ್ರಾಣಿಯನ್ನು ಹೊಡೆಯುವುದರಿಂದ ಹಿಡಿದು ಅದರ ತೊಗಲು ಹದಮಾಡುವವರೆಗೆ ಬೇಕಾದದ್ದೆಲ್ಲ ಒಂದೇ ಚೀಲದಲ್ಲಿತ್ತು. ಯಾರೋ ದೊಡ್ಡ ಬೇಟೆಗಾರ, ಗುಂಪಿನ ನಾಯಕನೇ ಇರಬೇಕು ಎಂದು ತಂಡದವರು ಮಾತಾಡಿಕೊಂಡರು. ಮೂಳೆಗಳು ಮಾತ್ರ ತೆಳುವಾಗಿದ್ದವು. ಹಲ್ಲಿನ ಎನಾಮಲ್‌ನಲ್ಲಿರುವ ಒಂದು ಪ್ರೋಟೀನನ್ನು ಪರೀಕ್ಷಿಸಿದರೆ ಹೆಣ್ಣೋ ಗಂಡೋ ತಿಳಿಯುತ್ತದೆ. ಪರೀಕ್ಷಿಸಿದಾಗ ತಿಳಿದದ್ದು, ಅವಳೊಬ್ಬ ಹುಡುಗಿ. ವಯಸ್ಸು 17ರಿಂದ 19.

ಅವಳ ಚೀಲವನ್ನು ನಾನು ಎಷ್ಟೋ ಸಲ ಮನಸ್ಸಿನಲ್ಲಿ ಬಿಚ್ಚಿ ನೋಡಿದ್ದೇನೆ. ಆ ವಯಸ್ಸಿಗೆ ಅಷ್ಟು ಉಪಕರಣ ಅವಳದಾಗಿದ್ದರೆ, ಚಿಕ್ಕಂದಿನಿಂದಲೇ ಯಾರೋ ಅವಳನ್ನು ಕರೆದುಕೊಂಡು ಹೋಗಿ ಕಲಿಸಿರಬೇಕು. ಸತ್ತಾಗ ಅವು ಅವಳ ಜೊತೆಗೇ ಹೋಗಬೇಕು ಎಂದು ಯಾರಿಗೋ ಅನಿಸಿರಬೇಕು.

ಅವಳೊಬ್ಬಳೇ ಅಪವಾದವೇ ಎಂದು ನೋಡಲು ಅದೇ ತಂಡ ಎರಡೂ ಅಮೆರಿಕ ಖಂಡಗಳ ಹಳೆಯ ಸಮಾಧಿಗಳ ದಾಖಲೆಗಳನ್ನು ತೆಗೆಯಿತು. 107 ನೆಲೆಗಳ 429 ಜನರಲ್ಲಿ, ದೊಡ್ಡ ಬೇಟೆಯ ಉಪಕರಣಗಳೊಂದಿಗೆ ಹೂಳಿದ್ದು, ಹೆಣ್ಣೋ ಗಂಡೋ ಎಂದು ಗುರುತಾದವರು 27 ಮಂದಿ. ಅವರಲ್ಲಿ 11 ಹೆಣ್ಣು, 16 ಗಂಡು. 2020ರಲ್ಲಿ ಇದು ಪ್ರಕಟವಾದಾಗ ದೊಡ್ಡ ಚರ್ಚೆಯಾಯಿತು. ಅಷ್ಟೂ ಸಮಾಧಿಗಳ ಸಾಕ್ಷಿ ಒಂದೇ ಸಮ ಗಟ್ಟಿಯಲ್ಲ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಆಮೇಲೆ 2023ರಲ್ಲಿ, ಈಚಿನವರೆಗೂ ಬೇಟೆ ಮತ್ತು ಸಂಗ್ರಹಣೆಯಿಂದ ಬದುಕಿದ ಸಮಾಜಗಳಲ್ಲಿ ಸುಮಾರು ಐದರಲ್ಲಿ ನಾಲ್ಕು ಕಡೆ ಹೆಂಗಸರೂ ಬೇಟೆಯಾಡುತ್ತಿದ್ದರು ಎಂದು ಇನ್ನೊಂದು ಅಧ್ಯಯನ ಹೇಳಿತು. ಅದರ ಲೆಕ್ಕದಲ್ಲಿ ತಪ್ಪುಗಳಿವೆ ಎಂದು ಬೇರೆ ವಿದ್ವಾಂಸರು ತೋರಿಸಿದರು. ನಮಗೆ ಇಷ್ಟವಾದ ಉತ್ತರ ಬಂತೆಂದು ಇಂಥ ಆಕ್ಷೇಪಗಳನ್ನು ಬದಿಗೆ ಸರಿಸಬಾರದು. ಹಳೆಯ ಕಟ್ಟುಕಥೆಯ ಜಾಗದಲ್ಲಿ ಹೊಸ ಕಟ್ಟುಕಥೆ ಕೂರಿಸಿ ನಮಗೆ ಆಗಬೇಕಾದ್ದೇನೂ ಇಲ್ಲ. ಬೇಟೆ ಹೆಚ್ಚಿನ ಕಡೆ ಹೆಚ್ಚಾಗಿ ಗಂಡಸರ ಕೆಲಸವಾಗಿತ್ತು ಎನ್ನುವುದು ಉಳಿಯುತ್ತದೆ. ಹೆಂಗಸರಿಂದ ಆಗದ ಕೆಲಸ ಎನ್ನುವುದು ಉಳಿಯುವುದಿಲ್ಲ. ಫಿಲಿಪೈನ್ಸಿನ ಲುಜಾನ್ ದ್ವೀಪದ ಆಗ್ತಾ ಹೆಂಗಸರು ಬಿಲ್ಲು ಬಾಣ ಹಿಡಿದು, ನಾಯಿಗಳನ್ನು ಕಟ್ಟಿಕೊಂಡು ಕಾಡುಹಂದಿ, ಜಿಂಕೆ ಹೊಡೆಯುತ್ತಿದ್ದುದನ್ನು ಮಾನವಶಾಸ್ತ್ರಜ್ಞರು ಕಣ್ಣಾರೆ ಕಂಡು ಬರೆದಿದ್ದಾರೆ.

ಇನ್ನು ಊಟದ ವಿಷಯ. 1966ರಲ್ಲಿ ಶಿಕಾಗೋದಲ್ಲಿ ನಡೆದ ಒಂದು ಪ್ರಸಿದ್ಧ ವಿಚಾರಸಂಕಿರಣದ ಹೆಸರೇ ‘ಬೇಟೆಗಾರ ಮನುಷ್ಯ’, ಅದರಲ್ಲಿ ಮನುಷ್ಯ ಅಂದರೆ ಗಂಡಸು. ಅದನ್ನು ಏರ್ಪಡಿಸಿದವರಲ್ಲಿ ಒಬ್ಬರಾದ ರಿಚರ್ಡ್ ಲೀ ಕಲಹರಿ ಮರುಭೂಮಿಯಲ್ಲಿ ಸ್ವತಃ ತೂಗಿ ಅಳೆದ ಲೆಕ್ಕ ಬೇರೆಯದನ್ನೇ ಹೇಳುತ್ತಿತ್ತು. ಅಲ್ಲಿನ ಜನರ ಆಹಾರದಲ್ಲಿ ಅರ್ಧಕ್ಕಿಂತ ಎಷ್ಟೋ ಹೆಚ್ಚು ಪಾಲು ಬೀಜ, ಕಾಯಿ, ಗೆಡ್ಡೆಗಳದು. ಅವನ್ನು ತರುತ್ತಿದ್ದವರು ಬಹುಮಟ್ಟಿಗೆ ಹೆಂಗಸರು. ಬೇಟೆ ಸಿಕ್ಕ ದಿನ ಹಬ್ಬ, ಸಿಗದ ದಿನವೂ ಮಕ್ಕಳು ಉಪವಾಸ ಮಲಗಲಿಲ್ಲ.

ಟಾಂಜಾನಿಯಾದ ಎಯಾಸಿ ಸರೋವರದ ಸುತ್ತ ಇರುವ ಹಾಡ್ಜಾ ಜನರಲ್ಲಿ ಕ್ರಿಸ್ಟನ್ ಹಾಕ್ಸ್ ಮತ್ತು ಜೊತೆಯವರು ಇನ್ನೊಂದು ಸಂಗತಿ ಗಮನಿಸಿದರು. ಕಲ್ಲುನೆಲದಿಂದ ಗೆಡ್ಡೆ ಅಗೆಯುವುದು ಮಕ್ಕಳಿಂದ ಆಗುವ ಕೆಲಸವಲ್ಲ. ತಾಯಿಯ ಮಡಿಲಿಗೆ ಹೊಸ ಕೂಸು ಬಂದಾಗ, ಮೊಲೆ ಬಿಟ್ಟ ಹಿಂದಿನ ಮಗುವಿನ ಬೆಳವಣಿಗೆ ಅಜ್ಜಿ ಎಷ್ಟು ಹೊತ್ತು ಅಗೆದಳು ಎಂಬುದನ್ನು ಅವಲಂಬಿಸಿತ್ತು. ಮುಟ್ಟು ನಿಂತ ಮೇಲೂ ಹೆಂಗಸರು ದಶಕಗಟ್ಟಲೆ ಬದುಕುವುದು ಏಕೆ ಎಂಬ ಪ್ರಶ್ನೆಗೆ ಹಾಕ್ಸ್ ಕೊಡುವ ಉತ್ತರ ಇಲ್ಲಿಂದ ಬಂದದ್ದು. ಅಜ್ಜಿಯರಿದ್ದ ಮನೆಯ ಮಕ್ಕಳು ಹೆಚ್ಚು ಉಳಿದವು, ಅಜ್ಜಿಯ ಆಯಸ್ಸೂ ಅವುಗಳಿಗೆ ಬಂತು. ಈ ವಾದವನ್ನು ಒಪ್ಪದವರೂ ಇದ್ದಾರೆ. ನನಗೆ ಮಾತ್ರ, ಮನುಷ್ಯಕುಲದ ಕಥೆಯಲ್ಲಿ ಅಗೆಯುವ ಕೋಲು ಹಿಡಿದ ಮುದುಕಿಗೊಂದು ಜಾಗ ಸಿಕ್ಕಿತಲ್ಲ ಎಂಬುದೇ ದೊಡ್ಡ ಸಮಾಧಾನ.

ಈಗ ನಿಮ್ಮ ಪ್ರಶ್ನೆಗೆ ಎಲ್ಲಕ್ಕಿಂತ ಹತ್ತಿರವಾದ ಊರಿಗೆ ಬರುತ್ತೇನೆ. ಟರ್ಕಿಯ ಕೊನ್ಯಾ ಬಯಲಿನಲ್ಲಿರುವ ಚಾತಾಲ್‌ಹೊಯುಕ್. ಕ್ರಿ.ಪೂ. 7100ರಿಂದ 5950ರ ತನಕ, ಅಂದರೆ ಸಾವಿರಕ್ಕೂ ಹೆಚ್ಚು ವರ್ಷ, ಜನ ಅಲ್ಲಿ ಒಂದೇ ದಿಬ್ಬದ ಮೇಲೆ ಮನೆಯ ಮೇಲೆ ಮನೆ ಕಟ್ಟಿಕೊಂಡು ಬಾಳಿದರು. ಬೀದಿಗಳಿಲ್ಲ. ಗೋಡೆಗೆ ಗೋಡೆ ತಾಗಿದ ಮಣ್ಣಿನ ಮನೆಗಳು, ಮಾಳಿಗೆಯಿಂದ ಏಣಿ ಇಳಿದು ಒಳಗೆ ಹೋಗಬೇಕು. ಅರಮನೆ ಇಲ್ಲ, ದೊಡ್ಡ ಗುಡಿ ಇಲ್ಲ. ಸತ್ತವರನ್ನು ಮನೆಯ ಒಳಗೇ, ತಾವು ಕೂತು ಮಲಗುವ ಜಗಲಿಯ ಕೆಳಗೆ ಹೂಳುತ್ತಿದ್ದರು.

1961ರಲ್ಲಿ ಜೇಮ್ಸ್ ಮೆಲ್ಲಾರ್ಟ್ ಇಲ್ಲಿ ಅಗೆಯುತ್ತಿದ್ದಾಗ ಧಾನ್ಯದ ಕಣಜವೊಂದರಲ್ಲಿ ಸುಟ್ಟ ಮಣ್ಣಿನ ಒಂದು ಪುಟ್ಟ ಮೂರ್ತಿ ಸಿಕ್ಕಿತು. ಮೈತುಂಬಿದ ಹೆಂಗಸು ಆಸನದಲ್ಲಿ ಕೂತಿದ್ದಾಳೆ. ಎರಡೂ ಕಡೆ ಚಿರತೆಯಂಥ ಪ್ರಾಣಿಗಳು, ಅವುಗಳ ತಲೆಯ ಮೇಲೆ ಅವಳ ಕೈ. ಈಗ ಅದು ಅಂಕಾರಾದ ವಸ್ತುಸಂಗ್ರಹಾಲಯದಲ್ಲಿದೆ. ಚಿತ್ರದಲ್ಲಿ ನಾವು ನೋಡುವ ಅವಳ ಮುಖ ಮಾತ್ರ ನಮ್ಮ ಕಾಲದವರು ಮಾಡಿ ಕೂರಿಸಿದ್ದು, ಸಿಕ್ಕಾಗ ತಲೆ ಇರಲಿಲ್ಲ. ಈ ಮೂರ್ತಿ ನೋಡಿ ಮೆಲ್ಲಾರ್ಟ್ ಇದು ಮಾತೃದೇವತೆಯ ಊರು ಎಂದರು. ಲೋಕವೆಲ್ಲ ನಂಬಿತು. ಇಂದಿಗೂ ಆ ದೇವಿಯನ್ನು ಹುಡುಕಿಕೊಂಡು ಅಲ್ಲಿಗೆ ಹೋಗುವವರಿದ್ದಾರೆ.

1993ರಿಂದ 25 ವರ್ಷ ಅಲ್ಲಿ ಕೆಲಸ ಮಾಡಿದ ಇಯಾನ್ ಹಾಡರ್ ಮತ್ತು ಅವರ ತಂಡ ಈ ನಂಬಿಕೆಯನ್ನು ತಣ್ಣಗೆ ಬದಿಗಿಟ್ಟಿತು. ಸಿಕ್ಕ ಸಾವಿರಾರು ಗೊಂಬೆಗಳಲ್ಲಿ ಹೆಚ್ಚಿನವು ಪ್ರಾಣಿಗಳವು. ದೇವತೆಯ ಮಾತು ಬಿಟ್ಟು ಅವರು ಮೂಳೆಗಳನ್ನು ಕೇಳಿದರು. ಗಂಡಸರೂ ಹೆಂಗಸರೂ ಉಂಡದ್ದು ಬಹುಪಾಲು ಒಂದೇ ಊಟ. ಒಲೆಯ ಹೊಗೆ ಶ್ವಾಸಕೋಶಕ್ಕೆ ಹೋಗಿ, ಸತ್ತ ಮೇಲೆ ಮಸಿಯಾಗಿ ಪಕ್ಕೆಲುಬುಗಳ ಒಳಮೈಗೆ ಅಂಟಿರುತ್ತದೆ. ಅದೂ ಇಬ್ಬರಲ್ಲೂ ಇತ್ತು. ಅಂದರೆ ಒಲೆಯ ಹತ್ತಿರ ಇರುವುದು ಹೆಂಗಸರ ಪಾಲಿಗೆ ಮಾತ್ರ ಬಂದದ್ದಲ್ಲ. ಪಕ್ಕೆಲುಬಿನ ಈ ಮಸಿಯಷ್ಟು ನನ್ನನ್ನು ಹಿಡಿದು ನಿಲ್ಲಿಸಿದ ಸಾಕ್ಷಿ ಇನ್ನೊಂದಿಲ್ಲ. ನಮ್ಮ ಸೌದೆ ಒಲೆಯ ಅಡುಗೆಮನೆಗಳಲ್ಲಿ ಮಸಿ ಯಾರ ಎದೆಗೆ ಹೋಗಿದೆ ಎನ್ನುವುದು ನಿಮಗೂ ಗೊತ್ತು, ನನಗೂ ಗೊತ್ತು. ಅದೇ ತಂಡಕ್ಕೆ 2004ರಲ್ಲಿ ಸಿಕ್ಕ ಒಂದು ಸಮಾಧಿಯಲ್ಲಿ ಹೆಂಗಸೊಬ್ಬಳು ಒಂದು ತಲೆಬುರುಡೆಯನ್ನು ಎದೆಗೆ ಅವಚಿಕೊಂಡು ಮಲಗಿದ್ದಳು. ಆ ಬುರುಡೆಗೆ ಗಾರೆ ಮೆತ್ತಿ ಮುಖ ಮೂಡಿಸಿ, ಕೆಂಪು ಬಣ್ಣ ಬಳಿದಿದ್ದರು.

ಹಾಗೆ, ಆ ಊರು ಹೆಣ್ಣಿನ ರಾಜ್ಯವೂ ಅಲ್ಲ ಗಂಡಿನ ರಾಜ್ಯವೂ ಅಲ್ಲ ಎಂಬಲ್ಲಿಗೆ ಮಾತು ನಿಂತಿತ್ತು. 2025ರ ಜೂನ್‌ನಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಹೊಸ ಅಧ್ಯಯನ ಬಂತು. ಅಂಕಾರಾದ ವಿಜ್ಞಾನಿಗಳ ಮುಂದಾಳತ್ವದಲ್ಲಿ 35 ಮನೆಗಳ ನೆಲದಡಿಯ 131 ಜನರ ಡಿಎನ್‌ಎ ಓದಿದ್ದರು. ಒಂದೇ ಮನೆಯಡಿ ಮಲಗಿದವರನ್ನು ಜೋಡಿಸುವ ಎಳೆ ತಾಯಿಯ ಕಡೆಯದು. ಹೆಣ್ಣುಮಕ್ಕಳು ನೂರಕ್ಕೆ 70ರಿಂದ 100ರಷ್ಟು ಹುಟ್ಟಿದ ಮನೆಯ ನಂಟಿನಲ್ಲೇ ಉಳಿದಿದ್ದರು. ಬೆಳೆದ ಗಂಡುಮಕ್ಕಳು ಬೇರೆ ಮನೆಗಳಿಗೆ ಹೋದಂತೆ ಕಾಣುತ್ತದೆ. ಇನ್ನೂ ಒಂದಿದೆ. ಎಳೆಯ ವಯಸ್ಸಿನಲ್ಲಿ ತೀರಿಕೊಂಡ ಮಕ್ಕಳ ಸಮಾಧಿಗಳಲ್ಲಿ ಹೆಣ್ಣುಕೂಸುಗಳ ಜೊತೆ ಇಟ್ಟ ವಸ್ತುಗಳು ಗಂಡುಕೂಸುಗಳದಕ್ಕಿಂತ ಸುಮಾರು ಐದು ಪಟ್ಟು ಹೆಚ್ಚು.

ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ಕೂಸು ದುಡಿದಿಲ್ಲ, ಹೆತ್ತಿಲ್ಲ, ಯಾವ ಪಟ್ಟಕ್ಕೂ ಏರಿಲ್ಲ. ಹೆಣ್ಣಾಗಿ ಹುಟ್ಟಿದ್ದಷ್ಟೇ ಅದರ ಗಳಿಕೆ. ಅದಕ್ಕೇ ಮಣ್ಣಿಗಿಡುವಾಗ ಇಷ್ಟು ಪ್ರೀತಿ ತೋರಿದ್ದಾರೆ. ಮನೆಯ ಬಳ್ಳಿ ಇವಳಿಂದ ಮುಂದುವರಿಯಬೇಕಿತ್ತು ಎಂದು ಆ ಜನ ಬಗೆದಿದ್ದರು ಎಂದೇ ನನಗೆ ಅನ್ನಿಸುತ್ತದೆ.

ಇದರ ಪಕ್ಕದಲ್ಲಿ ಇನ್ನೊಂದು ಸ್ಮಶಾನವನ್ನು ಇಟ್ಟು ನೋಡಿ. ಅನಟೋಲಿಯಾದ, ಅಂದರೆ ಈಗಿನ ಟರ್ಕಿಯ, ಕಡೆಯ ರೈತರೇ ತಲೆಮಾರುಗಳ ಮೇಲೆ ತಲೆಮಾರು ಸಾಗುತ್ತಾ ಯುರೋಪಿಗೆ ಬೇಸಾಯ ಒಯ್ದರು. ಅವರ ಸಂತತಿಯವರದು ಫ್ರಾನ್ಸಿನ ಗ್ಯುರ್ಜಿ ಎಂಬಲ್ಲಿರುವ, ಸುಮಾರು 6,700 ವರ್ಷ ಹಿಂದಿನ ಸ್ಮಶಾನ. 2023ರಲ್ಲಿ ಅಲ್ಲಿನ 94 ಜನರ ಡಿಎನ್‌ಎಯಿಂದ ಏಳು ತಲೆಮಾರುಗಳ ವಂಶವೃಕ್ಷವನ್ನೇ ಬರೆದರು. ಅದರ ಬುಡದಲ್ಲಿ ಒಬ್ಬ ಮೂಲಪುರುಷ. ಅಪ್ಪನಿಂದ ಮಗ, ಮಗನಿಂದ ಮೊಮ್ಮಗ, ಹೀಗೆ ಸಾಲು ಇಳಿಯುತ್ತದೆ. ತಾಯಂದಿರು ಬೇರೆ ಬೇರೆ ಕಡೆಯಿಂದ ಬಂದವರು. ಆ ಮನೆತನದಲ್ಲಿ ಹುಟ್ಟಿ ಬೆಳೆದು ದೊಡ್ಡವರಾದ ಹೆಣ್ಣುಮಕ್ಕಳು ಆ ಸ್ಮಶಾನದಲ್ಲಿ ಬಹುತೇಕ ಇಲ್ಲ. ಎಲ್ಲಿ ಹೋದರು? ಎಲ್ಲಿ ಹೋಗಿರುತ್ತಾರೆ ಎಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡೂ ಬೇಸಾಯದ ಸಮಾಜಗಳೇ. ಬೇಸಾಯ ಬಂದ ಕೂಡಲೇ ಎಲ್ಲ ಕಡೆ ಹೆಣ್ಣು ಸೋತಳು ಎಂಬ ಸರಳ ಕಥೆಯನ್ನು ನಾನು ಒಪ್ಪದಿರುವುದು ಇದಕ್ಕೇ. ಕಾಲ ಮುಂದುವರಿದಂತೆ ದಾರಿ ಒಂದೇ ಕಡೆಗೆ ಹೋಗಲೂ ಇಲ್ಲ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಎರಡು ಸಾವಿರ ವರ್ಷ ಹಿಂದಿನ, ಕಬ್ಬಿಣಯುಗದ ಒಂದು ಸ್ಮಶಾನದಲ್ಲಿ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ತಾಯಿಬಳ್ಳಿಯವರು, ಹೊರಗಿನಿಂದ ಬಂದವರು ಗಂಡಂದಿರು. ಇದೂ ತಿಳಿದದ್ದು 2025ರಲ್ಲೇ.

ತಾಯಿಬಳ್ಳಿಯಲ್ಲಿ ಮನೆತನ ನಡೆದರೆ ಅಧಿಕಾರವೂ ತಾಯಿಯದೇ ಎಂದು ಹೇಳಿಬಿಡುವಂತಿಲ್ಲ. ಇದನ್ನು ನಿಮಗಿಂತ ಚೆನ್ನಾಗಿ ಬಲ್ಲವರು ಯಾರು? ನಿಮ್ಮ ಅಜ್ಜಿಯದು ತುಳುನಾಡಿನ ಅಳಿಯಸಂತಾನ ಕಟ್ಟಿನ ಮನೆ ಎಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ಆ ಕಟ್ಟಿನಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು. ಹಿರಿಯಳಾದರೆ ಹೆಂಗಸೂ ಯಜಮಾನ್ತಿಯಾಗಿ ಕುಟುಂಬ ನಡೆಸಬಹುದಿತ್ತು. ಆದರೂ ಎಷ್ಟೋ ಮನೆಗಳಲ್ಲಿ ಲೆಕ್ಕ, ಗೇಣಿ, ಕೋರ್ಟಿನ ವ್ಯವಹಾರವೆಲ್ಲ ಸೋದರಮಾವನ ಕೈಯಲ್ಲಿ. ಹಾಗೆಂದು ಆ ಹೆಣ್ಣು ಏನೂ ಅಲ್ಲದವಳಾಗಿದ್ದಳೇ? ಇಲ್ಲ. ಗಂಡ ಸತ್ತರೂ ಬಿಟ್ಟರೂ ಕುಟುಂಬದ ಮನೆಯಲ್ಲಿ ಅವಳ ಹಕ್ಕು ಹಾಗೇ ಇರುತ್ತಿತ್ತು. ತನ್ನ ಜನರ ನಡುವೆ ನಿಂತು ಮಾತಾಡುವವಳ ದನಿಗೂ, ಗುರುತಿಲ್ಲದ ಮನೆಗೆ ಒಂಟಿಯಾಗಿ ಬಂದವಳ ದನಿಗೂ ಇರುವ ವ್ಯತ್ಯಾಸ ದೊಡ್ಡದು. ಚಾತಾಲ್‌ಹೊಯುಕ್‌ನ ಹೆಂಗಸರಿಗೆ ಇದ್ದದ್ದು ಸಿಂಹಾಸನವಲ್ಲ, ಆ ದನಿ ಇರಬೇಕು.

ದುಡಿಮೆಯ ಮಾತನ್ನೂ ಹೇಳದಿದ್ದರೆ ಚಿತ್ರ ಅರ್ಧವಾಗುತ್ತದೆ. ಸಿರಿಯಾದ ಅಬು ಹುರೇರಾ ಎಂಬ ಹಳೆಯ ಹಳ್ಳಿ 1970ರ ದಶಕದಲ್ಲಿ ಯೂಫ್ರಟಿಸ್ ನದಿಯ ಅಣೆಕಟ್ಟಿನ ನೀರಿನಲ್ಲಿ ಮುಳುಗುವ ಮುಂಚೆ ಅವಸರವಾಗಿ ಅಗೆದು ಉಳಿಸಿಕೊಂಡ ಮೂಳೆಗಳಿವೆ. ಅವನ್ನು ಪರೀಕ್ಷಿಸಿದ ಥೇಯಾ ಮಾಲಿಸನ್, ಕಾಲ್ಬೆರಳು ಮಡಿಸಿ ಮೊಣಕಾಲೂರಿ, ತಗ್ಗಾದ ಕಲ್ಲಿನ ಮೇಲೆ ಹಿಂದೆ ಮುಂದೆ ತೊನೆಯುತ್ತ ಧಾನ್ಯ ಅರೆದವರ ಗುರುತುಗಳನ್ನು ಕಂಡರು. ಕಾಲಿನ ಹೆಬ್ಬೆರಳ ಗಂಟು ಸವೆದಿತ್ತು, ಬೆನ್ನಿನ ಕೆಳಗಿನ ಮೂಳೆ ಕೆಟ್ಟಿತ್ತು. ಹೆಚ್ಚಿನವು ಹೆಂಗಸರವು. ಮಧ್ಯ ಯುರೋಪಿನ 7,000 ವರ್ಷ ಹಿಂದಿನ ರೈತ ಹೆಂಗಸರ ತೋಳಿನ ಮೂಳೆಗಳನ್ನು ಕೇಂಬ್ರಿಜ್‌ನವರು 2017ರಲ್ಲಿ ಇಂದಿನ ದೋಣಿ ಪಂದ್ಯದ ಕ್ರೀಡಾಪಟು ಹುಡುಗಿಯರದಕ್ಕೆ ಹೋಲಿಸಿದರು. ಆ ಹಳೆಯ ತೋಳುಗಳೇ ಶೇ. 11ರಿಂದ 16ರಷ್ಟು ಹೆಚ್ಚು ಗಟ್ಟಿ. ಇದನ್ನು ಶಕ್ತಿ ಎಂದು ಕೊಂಡಾಡುವುದೋ, ಸವೆತ ಎಂದು ಮರುಗುವುದೋ? ನನಗೆ ಎರಡೂ ಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಲಾರೆ.

ನಮ್ಮಲ್ಲೂ ಇದರ ಗುರುತಿದೆ. ಬಳ್ಳಾರಿಯ ಪಕ್ಕದ ಸಂಗನಕಲ್ಲು ಗುಡ್ಡದಲ್ಲಿ ನಾಲ್ಕು ಸಾವಿರ ವರ್ಷ ಹಿಂದೆ ಜನ ಕೊರಲೆ, ಹುರುಳಿ, ಹೆಸರು ಬೆಳೆದು ಉಂಡರು. ಬಂಡೆಗಳ ಮೇಲೆ ಅರೆದೂ ಉಜ್ಜಿಯೂ ನುಣುಪಾದ ತಗ್ಗುಗಳು ಇನ್ನೂ ಇವೆ, ಕೈಯಿಟ್ಟರೆ ತಣ್ಣಗಿರುತ್ತವೆ. ಬ್ರಹ್ಮಗಿರಿ, ತೆಕ್ಕಲಕೋಟೆಗಳಲ್ಲಿ ಸತ್ತ ಮಕ್ಕಳನ್ನು ಮಡಕೆಯಲ್ಲಿಟ್ಟು ವಾಸದ ನೆಲೆಯೊಳಗೇ ಹೂಳುತ್ತಿದ್ದರು. ಆ ಮಕ್ಕಳು ಹೆಣ್ಣೋ ಗಂಡೋ ತಿಳಿಯುವುದು ಸುಲಭವಲ್ಲ, ನಮ್ಮ ಸೆಖೆಗೆ ಮೂಳೆಯ ಡಿಎನ್‌ಎ ಬೇಗ ಕೆಡುತ್ತದೆ. ಹರಿಯಾಣದ ರಾಖಿಗಢಿಯ ಅಧ್ಯಯನದಲ್ಲಿ 60ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ ಓದಲು ಸಿಕ್ಕದ್ದು ಒಂದೇ ಒಂದು, ಅದು ಒಬ್ಬ ಹೆಂಗಸಿನದು. ಹಲ್ಲಿನ ಎನಾಮಲ್ ಅಷ್ಟು ಬೇಗ ಕೆಡುವುದಿಲ್ಲ. ಪೆರುವಿನ ಹುಡುಗಿಯನ್ನು ಗುರುತಿಸಿದ ಪರೀಕ್ಷೆ ನಮ್ಮ ಮಡಕೆಗಳಲ್ಲಿ ಮಲಗಿದ ಮಕ್ಕಳಿಗೂ ಆಗಲಿ, ಯಾರಿಗೆ ಏನೇನು ಇಟ್ಟು ಕಳಿಸಿದರು ಎಂದು ನೋಡುವಂತಾಗಲಿ ಎಂಬುದು ನನ್ನ ದೊಡ್ಡ ಆಸೆ.

ಅದಕ್ಕೆ ಮೊದಲು ನಿಮ್ಮಿಂದ ಒಂದು ಕೆಲಸವಾಗಬೇಕು. 1949ರ ಅಳಿಯಸಂತಾನ ಕಾಯ್ದೆಯ ನಂತರ ಎಷ್ಟೋ ಕುಟುಂಬಗಳು ಪಾಲಾದವು. ನಿಮ್ಮಲ್ಲಿಯೂ ಪಾಲುಪಟ್ಟಿ ಆಗಿದ್ದರೆ ಅದರ ಪ್ರತಿ ಮನೆಯಲ್ಲಿ ಎಲ್ಲಾದರೂ ಇದ್ದೀತು, ಹುಡುಕಿ. ಮೊದಲ ಹೆಸರು ಯಾರದು, ಅಜ್ಜಿಯ ಸಹಿಯೋ ಹೆಬ್ಬೆಟ್ಟೋ, ಸೋದರಮಾವನದು ಎಲ್ಲಿದೆ, ನೋಡಿ. ಮದುವೆಯಾದ ಮೇಲೆ ಅಜ್ಜಿ ಎಷ್ಟು ವರ್ಷ ಅಜ್ಜನ ಮನೆಯಲ್ಲಿದ್ದರು, ಎಷ್ಟು ವರ್ಷ ತಮ್ಮ ಕುಟುಂಬದ ಮನೆಯಲ್ಲಿದ್ದರು ಎಂದು ನಿಮ್ಮ ತಾಯಿಯವರನ್ನು ಕೇಳಿ. ಧಾನ್ಯದ ಪತ್ತಾಯದ ಬೀಗದ ಕೈ ಯಾರ ಸೊಂಟದಲ್ಲಿರುತ್ತಿತ್ತು ಎಂದೂ ಕೇಳಿ. ಅವರು ಹೇಳಿದ್ದನ್ನೆಲ್ಲ, ಅವರ ಮಾತಿನಲ್ಲೇ, ಬರೆದು ಕಳಿಸಿ. ಕಾಯುತ್ತಿರುತ್ತೇನೆ.

ಪ್ರೀತಿಯಿಂದ,
ನಿಮ್ಮ ಗೆಳತಿ